ಪ್ರಿಂಟಿಗೆ ಎಷ್ಟು ಮಾರಾಯ್ರೆ?
ಕಂಬಳದಲ್ಲಿ ಕೋಣಗಳು ಓಡುವ ಕರೆಯ ಪಕ್ಕ ರಾತ್ರಿಯಿಡೀ ಕೆಸರು ನೀರು ಎರಚಿಸಿಕೊಂಡು ನಿಂತ ಫ್ರೀಲಾನ್ಸ್ ಫೋಟೋಗ್ರಾಫರನಿಗೆ ಬೆಳಿಗ್ಗೆ ಎದುರಾಗುವುದು ಇದೇ ಪ್ರಶ್ನೆ. ಕನೆಹಲಗೆ ಓಟದಲ್ಲಿ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆ ಒದ್ದೆಯಾಗುವ ಗಳಿಗೆ ಕಣ್ಣು ಮಿಟುಕಿಸುವಷ್ಟು; ತಪ್ಪಿದರೆ ಮುಂದಿನ ಕಂಬಳವೇ ಗತಿ. ಆದರೂ ನಮ್ಮವರು ಲ್ಯಾಬಿನ ಬಿಲ್ಲಿಗೆ ನೂರು ರೂಪಾಯಿ ಸೇರಿಸಿ ಸುಮ್ಮನಾಗುತ್ತಾರೆ. ಲೆನ್ಸಿನ ಕಂತು, ಪೆಟ್ರೋಲು, ನಿದ್ದೆಗೆಟ್ಟ ರಾತ್ರಿ, ಯಾರೂ ಕೊಳ್ಳದೆ ಹಾರ್ಡ್ ಡಿಸ್ಕಿನಲ್ಲೇ ಉಳಿದ ನೂರಾರು ಚಿತ್ರ, ಇವೆಲ್ಲ ಯಾರ ಖಾತೆಗೆ? ಕೋಣದ ಯಜಮಾನರಿಗೆ 12×18ರ ಪ್ರಿಂಟೆಂದರೆ ಚಾವಡಿಯ ಗೋಡೆಯ ಮರ್ಯಾದೆ. ಅವರು ಕೊಡಲು ಹಿಂಜರಿಯುವುದು ಕಡಿಮೆ, ಕೇಳಲು ನಾಚುವವರು ನಾವೇ. (ಕೋಣ ಓಡಿಸಿದ ಹುಡುಗನಿಗೆ ಮಾತ್ರ ನಾನು ದುಡ್ಡು ಕೇಳಲಾರೆ, ಅದು ಬೇರೆ ಮಾತು.) ‘ವಾಟ್ಸಾಪಿಗೆ ಹಾಗೇ ಒಂದು ಹಾಕಿ’ ಎಂದವರಿಗೆಲ್ಲ ಪೂರ್ತಿ ಫೈಲು ಕಳಿಸಿದರೆ ಪ್ರಿಂಟಿನ ವ್ಯಾಪಾರ ಅಲ್ಲಿಗೇ ಮುಗಿಯಿತು. ಪ್ರಿಂಟ್ ಮಾರಿದ ಮಾತ್ರಕ್ಕೆ ಹಕ್ಕನ್ನೂ ಮಾರಿದಂತಲ್ಲ. ಯಾರೂ ಹಣ ಕೊಟ್ಟು ಹೇಳದೆ ನೀವಾಗಿಯೇ ತೆಗೆದ ಚಿತ್ರದ ಕೃತಿಸ್ವಾಮ್ಯ 1957ರ ಕಾಯ್ದೆಯ ಪ್ರಕಾರ ನಿಮ್ಮದೇ. ಫ್ಲೆಕ್ಸಿಗೋ ಕ್ಯಾಲೆಂಡರಿಗೋ ಬೇಕೆಂದರೆ ಬೇರೆ ದರ ಹೇಳಿ, ಅದನ್ನು ಬಿಲ್ಲಿನಲ್ಲೇ ಬರೆದುಕೊಡಿ.