ತಪ್ಪು ನಮ್ಮ ನಾಲಿಗೆಯದಲ್ಲ!

ಬ್ಯಾಂಕಿನ ಮೇಜಿನ ಮುಂದೆ ನಮ್ಮ ರೈತ ನಿಂತಿದ್ದಾನೆ. ಜೊತೆಗೆ ಬಂದ ಮಗ ಸಾಲದ ಪತ್ರದಲ್ಲಿರುವ 'ಲೀನ್' ಎಂಬ ಇಂಗ್ಲಿಷ್ ಪದವನ್ನು ಅಕ್ಷರ ಕೂಡಿಸಿ 'ಲೈನ್' ಎಂದು ಓದುತ್ತಾನೆ. ಮೇಜಿನ ಆಚೆ ಕೂತವರು ನಗುತ್ತಾರೆ. ಹುಡುಗನ ಮುಖ ಬಾಡುತ್ತದೆ. ಅಪ್ಪ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತಾನೆ. ಇದು ಯಾವ ತಾಲ್ಲೂಕಿನಲ್ಲಾದರೂ ನಡೆಯಬಹುದಾದ ಸಂಗತಿ.

ಕನ್ನಡಿಗರೇ, ಇಲ್ಲಿ ನಾಚಬೇಕಾದವರು ಯಾರು? ಕಂಡಂತೆ ಓದಿದ ಹುಡುಗನೋ, ಅರ್ಥ ಹೇಳದೆ ಸಹಿ ಹಾಕಿಸಿಕೊಂಡವರೋ?

ಮೊದಲು ಉಚ್ಚಾರಣೆಯ ಮಾತು. ಬರೆದಂತೆ ಓದುವುದು ಕನ್ನಡದ ಮಗು ಕಲಿತ ಪಾಠ. ಇಂಗ್ಲಿಷಿನಲ್ಲಿ ಆ ಪಾಠ ನಡೆಯದು. 'ಕೊಲೊನೆಲ್' ಎಂದು ಬರೆದು 'ಕರ್ನಲ್' ಎನ್ನಬೇಕು. 'ಇಂಡಿಕ್ಟ್' ಎಂದು ಬರೆದು 'ಇಂಡೈಟ್' ಎನ್ನಬೇಕು. ದೋಷಾರೋಪ ಹೊರಿಸು ಎಂದು ಅದರ ಅರ್ಥ. ಹಡಗುಕಟ್ಟೆಗಿರುವ ಪದ ನೋಡಲು 'ಕ್ವೇ', ಹೇಳಲು 'ಕೀ'. ಆಹಾರ ಸಾಮಗ್ರಿಗೆ 'ವಿಕ್ಚುವಲ್ಸ್' ಎಂದು ಬರೆದು 'ವಿಟಲ್ಸ್' ಎನ್ನುತ್ತಾರೆ.

ಇದರಲ್ಲಿ ದೇವರಹಸ್ಯವೇನೂ ಇಲ್ಲ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದ ಮೇಲೆ ಕಾಗುಣಿತ ಕ್ರಮೇಣ ಗಟ್ಟಿಯಾಯಿತು, ಜನರ ಮಾತು ಮಾತ್ರ ಬದಲಾಗುತ್ತಲೇ ಹೋಯಿತು. ಸಾಲ ಎಂಬ ಅರ್ಥದ 'ಡೆಟ್' ಪದದಲ್ಲಿ ಮೊದಲು 'ಬಿ' ಅಕ್ಷರವೇ ಇರಲಿಲ್ಲ. ಲ್ಯಾಟಿನ್ ಮೂಲ ತೋರಿಸಲು ಪಂಡಿತರು ತುರುಕಿದರು. ಈ ಗೋಜಲಿನಿಂದ ಬೇಸತ್ತ ನಾಟಕಕಾರ ಬರ್ನಾರ್ಡ್ ಷಾ ಹೊಸ ಲಿಪಿ ರೂಪಿಸಲೆಂದು ತಮ್ಮ ಉಯಿಲಿನಲ್ಲೇ ಹಣ ಬಿಟ್ಟು 1950ರಲ್ಲಿ ತೀರಿಕೊಂಡರು. ಅಂಥವರಿಗೇ ಸಾಕಾಗಿದ್ದ ಕಾಗುಣಿತ ನಮ್ಮ ಹಳ್ಳಿಯ ಹುಡುಗನ ಬುದ್ಧಿಗೆ ಅಳತೆಗೋಲೇ?

ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳೋಣ. ಅಕಾರ ಹಕಾರ ತಪ್ಪಿದವರನ್ನು, ಉತ್ತರ ಕರ್ನಾಟಕದ ಮಾತನ್ನು ಹಾಸ್ಯ ಮಾಡುವ ಕನ್ನಡಿಗರೂ ಇದ್ದಾರೆ. ಆ ನಗುವೂ ಈ ನಗುವೂ ಒಂದೇ ಜಾತಿಯವು.

ಆದರೆ ಉಚ್ಚಾರಣೆ ತಪ್ಪಿದರೆ ಮಾನ ಹೋದೀತು, ಅರ್ಥ ತಪ್ಪಿದರೆ ಮನೆಯೇ ಹೋಗುತ್ತದೆ! 'ಲೀನ್' ಎಂದರೆ ಸಾಲ ತೀರುವವರೆಗೆ ನಿಮ್ಮ ಸ್ವತ್ತನ್ನು ಹಿಡಿದಿಟ್ಟುಕೊಳ್ಳುವ ಹಕ್ಕು. ಇದನ್ನು ತಿಳಿಯದೆ ಸಹಿ ಹಾಕುವುದು ಕಣ್ಣು ಕಟ್ಟಿಕೊಂಡು ಬಾವಿಗಿಳಿದಂತೆ. ಇನ್ನೊಂದು ಪದ ನೋಡಿ: ಬರಹದಲ್ಲಿ 'ಮೆಸ್ನೆ', ಬಾಯಲ್ಲಿ 'ಮೀನ್'. ಇದು ಕೆರೆಯ ಮೀನಲ್ಲ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯದು. ಹಕ್ಕಿಲ್ಲದೆ ಆಸ್ತಿ ಹಿಡಿದುಕೂತವನು ಅದರಿಂದ ಪಡೆದ ಅಥವಾ ಸಾಮಾನ್ಯ ಶ್ರಮದಿಂದ ಪಡೆಯಬಹುದಾಗಿದ್ದ ಲಾಭ ಮತ್ತು ಅದರ ಬಡ್ಡಿಗೆ 'ಮೀನ್ ಪ್ರಾಫಿಟ್ಸ್' ಎಂದು ಹೆಸರು. ಹೊಲ ಕಳೆದುಕೊಂಡವನಿಗೆ ಸಲ್ಲಬೇಕಾದ ಹಣ ಆ ಪದದೊಳಗೆ ಅಡಗಿದೆ. ಪದವೇ ತಿಳಿಯದವನು ಹಣ ಕೇಳುವುದು ಹೇಗೆ?

ಇಂಗ್ಲಿಷ್ ಕಲಿಯಬೇಡಿ ಎಂಬುದು ನಮ್ಮ ವಾದವಲ್ಲ. ಕಲಿಯಿರಿ, ನಿಘಂಟು ತೆರೆಯಿರಿ. ಪದದ ಅರ್ಥ ಹೇಳುವುದನ್ನೇ ಜನಸೇವೆ ಮಾಡಿಕೊಂಡ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಆ ನಾಡಿನಲ್ಲಿ ಅರ್ಥ ಕೇಳುವುದು ಅವಮಾನವಾಗಬಾರದು.

ಅಷ್ಟೇ ಅಲ್ಲ, ಅರ್ಥ ತಿಳಿಸುವ ಹೊಣೆ ಪತ್ರ ಕೊಟ್ಟವರದು. ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಪುಸ್ತಕಗಳು ಇಂಗ್ಲಿಷ್, ಹಿಂದಿಗಳ ಜೊತೆ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ 2015ರ ಗ್ರಾಹಕ ಸೇವಾ ಸುತ್ತೋಲೆಯೇ ಹೇಳಿತ್ತು. 1963ರ ಅಧಿನಿಯಮದಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ!

ಇನ್ನು ಮುಂದೆ ತಿಳಿಯದ ಪದ ಕಂಡಲ್ಲಿ ಸಹಿ ನಿಲ್ಲಿಸಿ. "ಸ್ವಾಮಿ, ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?" ಎಂದು ಗಟ್ಟಿಯಾಗಿ ಕೇಳಿ. ಉತ್ತರ ಬರುವವರೆಗೆ ಮೇಜು ಬಿಟ್ಟು ಕದಲಬೇಡಿ. ನಕ್ಕವರಿಗೆ ಆಗ ತಿಳಿಯುತ್ತದೆ, ಆ ಪದದ ಅರ್ಥ ಅವರಿಗೂ ಗೊತ್ತಿದೆಯೋ ಇಲ್ಲವೋ ಎಂದು.