ಸರ್ವರ್ ನಿಂತರೂ ಸಂಘದ ಕೆಲಸ ನಿಲ್ಲಬಾರದು



2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ಸ್ಥಗಿತವಾಯಿತು. ದಾಳಿಕೋರರು ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ಯಾರೂ ಓದಲಾಗದಂತೆ ಮಾಡಿದ್ದರು. ಹೊರರೋಗಿಗಳ ನೋಂದಣಿಯಿಂದ ಹಿಡಿದು ಪರೀಕ್ಷಾ ವರದಿಯವರೆಗೆ ಸುಮಾರು ಎರಡು ವಾರ ಕೆಲಸ ಕೈಬರಹದಲ್ಲೇ ಸಾಗಿತು. ಒಳಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದು ಇದಕ್ಕೆ ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಕೊನೆಗೆ ಕೈಹಿಡಿದದ್ದು ದಾಳಿ ತಟ್ಟದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್.

2024ರ ಜುಲೈ ಕೊನೆಯಲ್ಲಿ ಇನ್ನೊಂದು ಪ್ರಕರಣ. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಗೆ ಇಂಥದೇ ದಾಳಿ ತಟ್ಟಿತು. ಅದು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿದಾಗ, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ತಾತ್ಕಾಲಿಕವಾಗಿ ನಿಂತಿತು. ತೊಂದರೆ ಶುರುವಾದದ್ದು ಬ್ಯಾಂಕುಗಳಲ್ಲಿ ಅಲ್ಲ, ಅವುಗಳಿಗೆ ಸೇವೆ ಕೊಡುವವರಲ್ಲಿ.

ನಮ್ಮಂಥ ಸಣ್ಣ ಸಂಘಗಳಿಗೂ ಇದಕ್ಕೂ ಏನು ಸಂಬಂಧ? ಸದಸ್ಯರ ವಿಳಾಸ, ದೂರವಾಣಿ, ವಂತಿಗೆಯ ಲೆಕ್ಕ, ಕನ್ನಡ ಶಾಲೆಗಳ ಪರವಾಗಿ ಕೊಟ್ಟ ಮನವಿಗಳ ಪ್ರತಿ ಇವೆಲ್ಲ ಈಗ ಹೆಚ್ಚಾಗಿ ಒಬ್ಬರದೇ ಮೊಬೈಲಿನಲ್ಲಿ ಇರುತ್ತವೆ. ಕಾಸರಗೋಡಿನಲ್ಲಾಗಲಿ, ಅಕ್ಕಲಕೋಟೆಯಲ್ಲಾಗಲಿ, ಭಾಷಾ ಅಲ್ಪಸಂಖ್ಯಾತರ ಹಕ್ಕು ಕೇಳಲು ಹೋದಾಗ ಅಧಿಕಾರಿಗಳು ಮೊದಲು ಕೇಳುವುದೇ ಹಳೆಯ ಕಾಗದ. ಅದು ಕಳೆದರೆ ಹಣ ಕಳೆದದ್ದಕ್ಕಿಂತ ಹೆಚ್ಚಿನ ನಷ್ಟ.

ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರಿಗೆ ಗೊತ್ತು: ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಏಳುವಂತಿಲ್ಲ. ಆ ಪದ್ಧತಿಯನ್ನೇ ಇಲ್ಲಿಗೂ ತರಬೇಕು.

ಸದಸ್ಯರ ಪಟ್ಟಿಯ ಒಂದು ಮುದ್ರಿತ ಪ್ರತಿ ಕಡತದಲ್ಲಿರಲಿ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಬೇರೊಬ್ಬರ ಮನೆಯಲ್ಲಿರಲಿ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬಾರದು, ದಾಳಿಯಾದರೆ ಅದೂ ಹೋಗುತ್ತದೆ. ವಾಟ್ಸ್ಆ್ಯಪ್ ಗುಂಪಿಗೆ ಇಬ್ಬರು ನಿರ್ವಾಹಕರಿರಲಿ, ಇಬ್ಬರೂ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಕೊಳ್ಳಲಿ. ಮೊಬೈಲಿಗೆ ಬರುವ ಆರು ಅಂಕಿಯ ಸಂಕೇತವನ್ನು ಅಧ್ಯಕ್ಷರೇ ಕೇಳಿದರೂ ಕೊಡಬೇಡಿ. ಪದಾಧಿಕಾರಿಯ ಹೆಸರಲ್ಲಿ ತುರ್ತಾಗಿ ಹಣ ಕೇಳುವ ಸಂದೇಶ ಬಂದರೆ, ನಿಮ್ಮ ಬಳಿ ಮೊದಲೇ ಇರುವ ಸಂಖ್ಯೆಗೆ ಕರೆ ಮಾಡಿ ಧ್ವನಿ ಕೇಳಿ. ಪದಾಧಿಕಾರಿ ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಲಿ.

ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನೆ ಒಂದು ರಾಜ್ಯದಲ್ಲಿ, ಬ್ಯಾಂಕ್ ಖಾತೆ ಇನ್ನೊಂದು ರಾಜ್ಯದಲ್ಲಿ ಇರುವ ನಮ್ಮವರಿಗೆ ಇದು ಮುಖ್ಯ, ಏಕೆಂದರೆ ಈ ಸಂಖ್ಯೆ ದೇಶಕ್ಕೆಲ್ಲ ಒಂದೇ. ವ್ಯಾಪ್ತಿ ನಮ್ಮದಲ್ಲ ಎಂದು ಠಾಣೆಯವರು ಹೇಳಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ತೋರಿಸಿ. ಸಂಜ್ಞೇಯ ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆಂದು ಅದು ಹೇಳುತ್ತದೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ, ಆದರೆ ಯಾರು ಮಾಡಬೇಕೆಂದು ಹೆಸರು ಹಾಕದಿದ್ದರೆ ಯಾರೂ ಮಾಡುವುದಿಲ್ಲ. ಆದ್ದರಿಂದ ಪ್ರತಿ ಊರಿನ ಘಟಕವೂ ಮುಂದಿನ ಸಭೆಯಲ್ಲಿ ಇಬ್ಬರನ್ನು ನೇಮಿಸಿ ನಡಾವಳಿಯಲ್ಲಿ ಬರೆಯಬೇಕೆಂದು ಕೋರುತ್ತೇನೆ. ವರ್ಷಕ್ಕೊಮ್ಮೆ ಒಂದು ಸಭೆಯನ್ನು ಮೊಬೈಲ್ ಮುಟ್ಟದೆ, ಮುದ್ರಿತ ಪಟ್ಟಿ ನೋಡಿಯೇ ಕರೆಯಿರಿ. ಎಷ್ಟು ಜನ ಬಂದರೆಂಬುದರಿಂದಲೇ ನಮ್ಮ ಸಿದ್ಧತೆ ಎಷ್ಟೆಂದು ತಿಳಿಯುತ್ತದೆ.

– ಕಾರ್ಯದರ್ಶಿ