ತೇಪೆಯ ಮರ್ಯಾದೆ

ತೇಪೆ ಎಂಬ ಮಾತಿಗೆ ನಮ್ಮಲ್ಲಿ ಗೌರವ ಕಡಮೆ. ತೇಪೆ ಹಾಕಿದ ಅಂಗಿ ತೊಟ್ಟವನು ಮದುವೆಯ ಮನೆಯಲ್ಲಿ ಹಿಂದಿನ ಸಾಲನ್ನು ಹುಡುಕುತ್ತಾನೆ. ಸಭೆಯಲ್ಲಿ ಬಾಯಿ ತಪ್ಪಿ ಏನನ್ನೋ ಆಡಿದವನು ಮರುದಿನ ಕೊಡುವ ವಿವರಣೆಯನ್ನು ‘ತೇಪೆ ಹಚ್ಚುವ ಕೆಲಸ’ ಎಂದು ನಗುತ್ತೇವೆ. ಇಂಗ್ಲಿಷರಲ್ಲಿ ಇದಕ್ಕೆ ಹತ್ತಿರವಾದ ಒಂದು ಮಾತುಂಟು, ‘ಬಾಡ್ಜ್’ ಎಂದು. ಅರೆಬರೆ ಬಲ್ಲವನು ಕೈಗೆ ಸಿಕ್ಕ ಸಾಮಗ್ರಿಯಿಂದ ಹೇಗೋ ಮಾಡಿ ಮುಗಿಸಿದ ದುರಸ್ತಿ ಎಂದು ಅದರ ಅರ್ಥ. ಹಳೆಯ ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳು ನಾಲ್ವರು ಸೇರಿದ ಕಡೆ ಈ ಮಾತು ಹತ್ತು ನಿಮಿಷದೊಳಗೆ ಬಂದೇ ತೀರುತ್ತದೆ. ತಾವು ಕೊಂಡ ಕಾರಿನಲ್ಲಿ ಹಿಂದಿನ ಒಡೆಯ ಮಾಡಿಟ್ಟಿದ್ದ ಅವಾಂತರಗಳನ್ನು ಒಬ್ಬರಿಗಿಂತ ಒಬ್ಬರು ಮಿಗಿಲಾಗಿ ಬಣ್ಣಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ‘ಹಿಂದಿನ ಒಡೆಯ’ ಎಂಬುದು ಅವರ ಪುರಾಣದಲ್ಲಿ ಒಬ್ಬ ರಾಕ್ಷಸನ ಹೆಸರು. ಆ ನಗೆಯಲ್ಲಿ ನಾನೂ ಪಾಲುಗೊಂಡಿದ್ದೇನೆ. ಆದರೆ ಎಲ್ಲ ತೇಪೆಗಳಿಗೂ ಒಂದೇ ಬಗೆಯಾಗಿ ನಗುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

ಈ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರ ಸ್ವಲ್ಪವೇ. ಕೆಲವು ವರ್ಷ ನಾನು ಅಧ್ಯಾಪಕನಾಗಿ ಇಂಗ್ಲೆಂಡಿನ ಅಬಿಂಗ್ಡನ್ ಊರಿನಲ್ಲಿದ್ದೆ. ಥೇಮ್ಸ್ ನದಿಯ ದಡದ ಪುಟ್ಟ ಊರು. ೧೯೨೯ರಿಂದ ೧೯೮೦ರವರೆಗೆ ಎಂ.ಜಿ. ಕಾರುಗಳು ಅಲ್ಲಿ ತಯಾರಾಗುತ್ತಿದ್ದವು. ಪಕ್ಕದ ಮನೆಯ ವೃದ್ಧರೊಬ್ಬರು ಒಂದು ಹಳೆಯ ಎಂಜಿಬಿಯನ್ನು ಕೊಂಡು, ಭಾನುವಾರಗಳಲ್ಲಿ ಅದನ್ನು ಬಿಚ್ಚುತ್ತಿದ್ದರು. ದೀಪ ಹಿಡಿದು ನಿಲ್ಲುವುದು ನನ್ನ ಕೆಲಸ. ದೀಪ ಹಿಡಿದವನಿಗೆ ಕಾಣುವಷ್ಟು ಕೆಲಸ ಮಾಡುವವನಿಗೂ ಕಾಣುವುದಿಲ್ಲ.

ಮೊದಲು ನಿರ್ದೋಷಿಗಳನ್ನು ಬಿಡುಗಡೆ ಮಾಡೋಣ. ನಡುದಾರಿಯಲ್ಲಿ ಫ್ಯಾನ್ ಬೆಲ್ಟು ಹರಿದಾಗ ಹೆಂಡತಿಯ ನೈಲಾನ್ ಕಾಲುಚೀಲವನ್ನು ಬಿಗಿಯಾಗಿ ಗಂಟುಹಾಕಿ ಮನೆ ಸೇರಿದವನ ಕಥೆ ಅಲ್ಲಿ ಪ್ರತಿ ಊರಿನಲ್ಲೂ ಉಂಟು. ರೇಡಿಯೇಟರು ಸೋರಿದರೆ ಒಳಕ್ಕೆ ಒಂದು ಹಸಿಯ ಮೊಟ್ಟೆ ಒಡೆದು ಹಾಕುತ್ತಿದ್ದರು. ಬಿಸಿನೀರಿನಲ್ಲಿ ಬೆಂದ ಬಿಳಿಯ ಭಾಗ ತೂತಿನ ಬಳಿ ಹೆಪ್ಪುಗಟ್ಟಿ ತಾತ್ಕಾಲಿಕವಾಗಿ ಮುಚ್ಚುತ್ತದೆ. ಪೆಟ್ರೋಲ್ ತೊಟ್ಟಿ ಸೋರಿದರೆ ಬಟ್ಟೆ ಸೋಪನ್ನು ಮೆದ್ದು ಒತ್ತುತ್ತಿದ್ದರು, ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ. ಪೆಟ್ರೋಲನ್ನು ಎತ್ತುವ ವಿದ್ಯುತ್ ಪಂಪು ಹಟ ಹಿಡಿದು ನಿಂತರೆ ಪಾದರಕ್ಷೆ ಕಳಚಿ ಅದಕ್ಕೊಂದು ಏಟು ಕೊಡುವುದು ಶಾಸ್ತ್ರೋಕ್ತವಾದ ಚಿಕಿತ್ಸೆ. ಅಂಟಿಕೊಂಡ ಸಂಪರ್ಕ ಬಿಡಿಸಿಕೊಂಡು ಪಂಪು ಮತ್ತೆ ಟಕಟಕನೆ ಆಡತೊಡಗುತ್ತದೆ. ಹೊಗೆಕೊಳವೆ ತೂತಾದಾಗ ಕಾಳಿನ ತಗಡಿನ ಡಬ್ಬಿಯನ್ನು ಸೀಳಿ ಸುತ್ತಿ, ಎರಡು ಕ್ಲಿಪ್ಪು ಬಿಗಿದಿದ್ದ ಕಾರನ್ನು ನಾನೇ ಕಂಡಿದ್ದೇನೆ. ಡಬ್ಬಿಯ ಮೇಲಿನ ಚಿತ್ರ ಸುಟ್ಟು ಹೋಗಿದ್ದರೂ ತಯಾರಕನ ಹೆಸರಿನ ಎರಡಕ್ಷರ ಉಳಿದಿದ್ದವು. ಇವೆಲ್ಲವೂ ಹಾಸ್ಯಾಸ್ಪದವೇ ಸರಿ. ಆದರೆ ಇವುಗಳಲ್ಲಿ ಯಾವುದೂ ತಾನು ತೇಪೆಯಲ್ಲವೆಂದು ಹೇಳಿಕೊಳ್ಳುವುದಿಲ್ಲ. ಕಾಲುಚೀಲವನ್ನು ಕಂಡು ಅದು ಫ್ಯಾನ್ ಬೆಲ್ಟೆಂದು ಭ್ರಮಿಸುವ ಮೂಢ ಭೂಮಿಯಲ್ಲಿ ಹುಟ್ಟಿಲ್ಲ.

ನನ್ನ ನೆರೆಯವರ ಕಾರಿನಲ್ಲಿ ವೇಗವನ್ನು ಏರಿಸುವ ತಂತಿ ಇರಬೇಕಾದ ಕಡೆ ಬೈಸಿಕಲ್ಲಿನ ಬ್ರೇಕಿನ ತಂತಿ ಇತ್ತು. ಎಷ್ಟೋ ವರ್ಷ ದುಡಿದ ಗುರುತು ಅದರ ಮೇಲೆಲ್ಲ ಕಾಣುತ್ತಿತ್ತು. ಅವರು ಹೊಸ ತಂತಿ ಹಾಕಿದರು. ಹಳೆಯದನ್ನು ಮಾತ್ರ ಎಸೆಯದೆ ಕೊಟ್ಟಿಗೆಯ ಗೋಡೆಯ ಮೊಳೆಗೆ ತೂಗುಹಾಕಿದರು. ಅದು ಅದಕ್ಕೆ ಸಲ್ಲಬೇಕಾದ ಮರ್ಯಾದೆ.

ಕೆಲವು ತಪ್ಪುಗಳಲ್ಲಿ ಹವ್ಯಾಸಿಗಿಂತ ಯಂತ್ರದ ಪಾಲೇ ಹೆಚ್ಚು ಎಂಬುದನ್ನೂ ಹೇಳಬೇಕು. ೧೯೪೫ರಿಂದ ೧೯೪೯ರವರೆಗೆ ತಯಾರಾದ ಎಂ.ಜಿ. ಟಿಸಿ ಎಂಬ ಸುಂದರವಾದ ಕಾರಿನ ಎಂಜಿನ್ನು ಒಂದು ವಿಚಿತ್ರ. ಅದರ ಬೋಲ್ಟುಗಳ ತಲೆ ಇಂಗ್ಲಿಷರ ವಿಟ್‌ವರ್ತ್ ಅಳತೆಯದು, ಮರೆ ಮಾತ್ರ ಫ್ರೆಂಚರ ಮೆಟ್ರಿಕ್ ಅಳತೆಯದು. ಕವೆಂಟ್ರಿಯಲ್ಲಿದ್ದ ಆ ಎಂಜಿನ್ ಕಾರ್ಖಾನೆ ಮೂಲತಃ ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯದು. ೧೯೨೩ರಲ್ಲಿ ಮಾರಿಸ್ ಅದನ್ನು ಕೊಂಡ ಮೇಲೂ ಮರೆ ಕೊರೆಯುವ ಯಂತ್ರಗಳು ಮಾತೃಭಾಷೆಯನ್ನು ಬಿಡಲಿಲ್ಲ. ಇಂಗ್ಲಿಷ್ ಸ್ಪ್ಯಾನರು ತಲೆಗೆ ಸರಿಯಾಗಿ ಕೂತ ಮೇಲೆ ಬೋಲ್ಟೂ ಇಂಗ್ಲಿಷಿನದೇ ಎಂದು ನಂಬಿ, ಅಂಗಡಿಯಿಂದ ತಂದ ಇನ್ನೊಂದನ್ನು ಬಲವಂತವಾಗಿ ತಿರುಗಿಸಿ, ಮರೆ ಹರಿದುಕೊಂಡು, ಬಳಿಕ ಅದಕ್ಕೆ ಬೇಗಡೆ ಸುತ್ತಿ ಕೂರಿಸಿದವನನ್ನು ನಾನು ಬಯ್ಯಲಾರೆ.

ವಿದ್ಯುತ್ತಿನ ವಿಷಯಕ್ಕೆ ಬಂದಾಗ ನಗು ಸ್ವಲ್ಪ ಬಾಡುತ್ತದೆ. ಈ ಕಾರುಗಳ ದೀಪ, ಸ್ವಿಚ್ಚು, ಡೈನಮೋಗಳನ್ನು ಬಹುಮಟ್ಟಿಗೆ ಒದಗಿಸುತ್ತಿದ್ದದ್ದು ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಸಂಸ್ಥೆ. ಜೋಸೆಫ್ ಲ್ಯೂಕಾಸನನ್ನು ‘ಕತ್ತಲೆಯ ರಾಜಕುಮಾರ’ನೆಂದು ಕರೆಯುವುದು, ಇಂಗ್ಲಿಷರು ಬೆಚ್ಚನೆಯ ಬಿಯರ್ ಕುಡಿಯುವುದು ಲ್ಯೂಕಾಸನ ಶೀತಪೆಟ್ಟಿಗೆಯ ದೆಸೆಯಿಂದ ಎನ್ನುವುದು ಅಲ್ಲಿ ಹಳಸಿ ಹೋದ ಹಾಸ್ಯ. ನನ್ನ ಅನುಭವದಲ್ಲಿ ಈ ಅಪಕೀರ್ತಿಯ ಬಹುಪಾಲು ಆತನಿಗೆ ಸಲ್ಲತಕ್ಕದ್ದಲ್ಲ. ಆ ತಂತಿಗಳಿಗೊಂದು ವ್ಯಾಕರಣವಿತ್ತು. ಕಂದು ತಂತಿ ಬ್ಯಾಟರಿಯಿಂದ ನೇರವಾಗಿ ಬಂದದ್ದು, ಸದಾ ಜೀವಂತ, ಬಿಳಿಯದು ಕೀಲಿ ತಿರುಗಿಸಿದಾಗ ಎಚ್ಚರಗೊಳ್ಳುವಂಥದು, ಹಸಿರು ಅದೇ ಪ್ರವಾಹ ಫ್ಯೂಸನ್ನು ದಾಟಿ ಬಂದದ್ದು, ಕಪ್ಪು ಭೂಸಂಪರ್ಕ. ಈ ವ್ಯಾಕರಣವನ್ನರಿತವನು ಕತ್ತಲೆಯಲ್ಲಿಯೂ ದೋಷವನ್ನು ಹುಡುಕಬಲ್ಲ. ನಮ್ಮ ‘ಹಿಂದಿನ ಒಡೆಯ’ನಾದರೋ ಮನೆಯ ಕರೆಗಂಟೆಯಿಂದ ಕಿತ್ತ ಒಂದೇ ಬಣ್ಣದ ತಂತಿಯನ್ನು ಎಲ್ಲೆಲ್ಲೂ ಹೊಸೆದು, ಅಂಟುಪಟ್ಟಿ ಸುತ್ತಿ, ರತ್ನಗಂಬಳಿಯ ಕೆಳಗೆ ಮರೆಮಾಡಿದ. ಪದೇ ಪದೇ ಸುಡುತ್ತಿದ್ದ ಫ್ಯೂಸಿನ ಜಾಗದಲ್ಲಿ ಎರಡಂಗುಲದ ಮೊಳೆಯನ್ನೋ ಚಾಕೊಲೇಟಿನ ಬೇಗಡೆಯನ್ನೋ ಇಟ್ಟ. ಫ್ಯೂಸು ಸುಡುವುದೇ ತಂತಿ ಸುಡದಿರಲೆಂದು. ಮೊಳೆ ಸುಡುವುದಿಲ್ಲ; ಅದಕ್ಕೆ ಮುಂಚೆ ಕಾರು ಸುಡುತ್ತದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಹೊಸ್ತಿಲಿನ ವಿಷಯ. ಬಾಗಿಲಿನ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹಾಯುವ ಪಟ್ಟಿಯನ್ನು ಹೊಸ್ತಿಲೆಂದು ಕರೆಯುತ್ತಿದ್ದೇನೆ. ೧೯೬೨ರಿಂದ ೧೯೮೦ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅವಕ್ಕೆ ಹಳೆಯ ಕಾರುಗಳಂತೆ ಬೇರೆಯಾದ ಉಕ್ಕಿನ ಚೌಕಟ್ಟಿಲ್ಲ; ಮೈಯೇ ಚೌಕಟ್ಟು. ಅದರಲ್ಲೂ ಮೇಲೆ ಚಾವಣಿಯಿಲ್ಲದ ಮಾದರಿಯಲ್ಲಿ ಕಾರನ್ನು ನಡುವೆ ಮಡಿಸಿಹೋಗದಂತೆ ಹಿಡಿದಿರುವ ಭಾರವೆಲ್ಲ ಈ ಎರಡು ಹೊಸ್ತಿಲುಗಳ ಮೇಲೆ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಮತ್ತೊಂದು. ಮೂರೂ ಸೇರಿ ಪೆಟ್ಟಿಗೆಯಂತಾದ ರಚನೆ. ಚಳಿಗಾಲದಲ್ಲಿ ಮಂಜು ಕರಗಲೆಂದು ಅಲ್ಲಿಯ ರಸ್ತೆಗಳ ಮೇಲೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಪೆಟ್ಟಿಗೆಯೊಳಕ್ಕೆ ಸೇರಿತೆಂದರೆ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಬಣ್ಣದ ಮೇಲೆ ಒಂದು ಗುಳ್ಳೆ ಎದ್ದಾಗ ಒಳಗೆ ಉಳಿದಿರುವುದು ಬಹಳವೇನೂ ಅಲ್ಲ.

ಸರಿಯಾದ ದುರಸ್ತಿಯೆಂದರೆ ಬಾಗಿಲಿನ ಕಂಡಿಗೆ ಆಸರೆ ಕೊಟ್ಟು, ಕೊಳೆತದ್ದನ್ನೆಲ್ಲ ಕತ್ತರಿಸಿ, ಮೂರು ಪದರಗಳನ್ನೂ ಹೊಸದಾಗಿ ಬೆಸೆಯುವುದು. ನೆರೆಯವರ ಕಾರಿನ ಹೊಸ್ತಿಲು ನೋಡಲು ಕನ್ನಡಿಯಂತಿತ್ತು. ಜಾಕಿಯಿಟ್ಟು ಎತ್ತಹೋದರೆ ಕಾರು ನೆಲದ ಮೇಲೆಯೇ ಉಳಿದು ಜಾಕಿ ಮಾತ್ರ ಮೇಲೇರಿತು, ಹಪ್ಪಳ ಮುರಿದಂಥ ಸದ್ದಿನೊಡನೆ. ಕೆರೆದು ನೋಡಿದರೆ, ಬಣ್ಣದ ಕೆಳಗೆ ಬೆರಳು ದಪ್ಪದ ಪುಟ್ಟಿ. ಅದರ ಕೆಳಗೆ ಕೋಳಿಗೂಡಿನ ತಂತಿಬಲೆ. ಅದಕ್ಕೂ ಹಿಂದೆ, ಪುಟ್ಟಿ ಒಳಕ್ಕೆ ಕುಸಿಯದಿರಲೆಂದು ತುರುಕಿದ ದಿನಪತ್ರಿಕೆ. ನಮ್ಮಲ್ಲಿ ಪತ್ರಿಕೆಯ ಅಂತ್ಯ ಕಡಲೆಕಾಯಿಯ ಪೊಟ್ಟಣವಾಗಿ. ಅಲ್ಲಿ ಅದು ಕಾರಿನ ಬೆನ್ನೆಲುಬಾಗಿತ್ತು. ಬಿಡಿಸಿ ನೋಡಿದೆವು. ೧೯೮೬ರ ಒಂದು ಹಾಳೆ; ಅದರಲ್ಲಿ ಪೆನ್ಸಿಲಿನಿಂದ ಅರ್ಧ ತುಂಬಿದ ಪದಬಂಧ. ಪುಣ್ಯಾತ್ಮ ಅದನ್ನೂ ಪೂರ್ತಿ ಮಾಡಿರಲಿಲ್ಲ.

ನಾನು ನಕ್ಕೆ. ನೆರೆಯವರು ನಗಲಿಲ್ಲ. “೧೯೮೬ರಿಂದ ಈಚೆಗೆ ಈ ಕಾರಿನಲ್ಲಿ ಎಷ್ಟು ಮಕ್ಕಳು ಕುಳಿತಿರಬಹುದು, ನೀವೇ ಹೇಳಿ” ಎಂದರು.

ಅದನ್ನು ಮಾಡಿದವನ ಪರವಾಗಿಯೂ ಒಂದು ಮಾತುಂಟು. ಆ ಕಾಲಕ್ಕೆ ಎಂಜಿಬಿ ಎಂದರೆ ವಿದ್ಯಾರ್ಥಿಗಳು ಕೊಳ್ಳುವ ಅಗ್ಗದ ಹಳೆಯ ಕಾರು. ಹೊಸ್ತಿಲನ್ನು ಸರಿಯಾಗಿ ಬೆಸೆಯಿಸಲು ಇಡೀ ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಬೇಕು. ಅದರ ಮೇಲೆ ವಾರ್ಷಿಕ ಪರೀಕ್ಷೆ. ಬ್ರಿಟನ್ನಿನಲ್ಲಿ ೧೯೬೦ರಲ್ಲಿ ಹತ್ತು ವರ್ಷ ದಾಟಿದ ವಾಹನಗಳಿಗೆಂದು ಆರಂಭವಾದ ಈ ಪರೀಕ್ಷೆ ೧೯೬೭ರಿಂದ ಮೂರು ವರ್ಷ ದಾಟಿದವಕ್ಕೂ ಬಂದಿತು. ಪರೀಕ್ಷಕ ವಾಹನದ ಭಾಗಗಳನ್ನು ಬಿಚ್ಚುವಂತಿಲ್ಲ. ಕಣ್ಣಿಂದ ನೋಡಬೇಕು, ಬೆರಳಿಂದ ಒತ್ತಬೇಕು, ಪುಟ್ಟ ಸಲಕರಣೆಯೊಂದರಿಂದ ತಟ್ಟಿ ಸದ್ದು ಕೇಳಬೇಕು. ಆದ್ದರಿಂದ ಪುಟ್ಟಿ ಬಳಿದವನ ಗಮನವೆಲ್ಲ ಕಾರಿನ ಮೇಲಿರದೆ ಪರೀಕ್ಷಕನ ಮೇಲಿತ್ತು. ಓದುವುದನ್ನು ಬಿಟ್ಟು ಪ್ರಶ್ನಪತ್ರಿಕೆಯನ್ನು ಊಹಿಸುವ ಈ ವಿದ್ಯೆಯ ಮರ್ಮವನ್ನು ನಮ್ಮ ವಿದ್ಯಾರ್ಥಿ ಮಿತ್ರರಿಗೆ ವಿವರಿಸಬೇಕಾಗಿಲ್ಲ. ಅಧ್ಯಾಪಕರಿಗಂತೂ ಬೇಡವೇ ಬೇಡ.

ಗ್ರಂಥಸಂಪಾದನೆ ಮಾಡಿದವರಿಗೆ ಈ ಭೇದ ಪರಿಚಿತವಾದದ್ದೇ. ಓಲೆಯ ತುದಿಯನ್ನು ಗೆದ್ದಲು ತಿಂದು ನಾಲ್ಕಕ್ಷರ ಹೋಗಿದ್ದರೆ ಪ್ರಾಮಾಣಿಕನಾದ ಸಂಪಾದಕ ಅಲ್ಲಿ ಚುಕ್ಕಿಗಳನ್ನಿಡುತ್ತಾನೆ, ಇಲ್ಲವೆ ತನ್ನ ಊಹೆಯನ್ನು ಕಂಸದಲ್ಲಿ ಹಾಕುತ್ತಾನೆ. ಅವನ ಊಹೆ ನಗೆ ಬರಿಸುವಂತಿದ್ದರೂ ಚಿಂತೆಯಿಲ್ಲ, ಮುಂದಿನವನು ತಿದ್ದಬಲ್ಲ. ಗುರುತು ಕೊಡದೆ ತನ್ನದನ್ನು ಸೇರಿಸಿ ಹೊಂದಿಸಿಬಿಟ್ಟ ಲಿಪಿಕಾರನಿಂದ ಮುಂದಿನವರಿಗೆಲ್ಲ ಮೋಸ. ಮೋಸ ಹೋದೆನೆಂದು ಅವರಿಗೆ ತಿಳಿಯುವುದೂ ಇಲ್ಲ.

ಬಡತನದ ಈ ಸಮರ್ಥನೆ ೧೯೮೬ಕ್ಕೆ ಒಪ್ಪೀತು, ಇಂದಿಗೆ ಒಪ್ಪದು. ೧೯೮೮ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ಮೈಯನ್ನು ಇಡಿಯಾಗಿ ತಯಾರಿಸತೊಡಗಿತು, ಬಿಡಿಭಾಗಗಳಿಗೂ ಬರವಿಲ್ಲ. ಹಿಂದೆ ಅಗ್ಗವಾಗಿದ್ದ ಕಾರು ಈಗ ಒಡವೆಯಂತೆ ಮಾರಾಟವಾಗುತ್ತದೆ. ಹಿಂದೆ ಪುಟ್ಟಿ ಬಳಿದವನು ಹಣವಿಲ್ಲದೆ ಬಳಿದ. ಈಗ ಬಳಿಯುವವನು ಹಣ ಬರಲೆಂದು ಬಳಿಯುತ್ತಾನೆ. ಇವನನ್ನು ಹವ್ಯಾಸಿಯೆಂದು ಕರೆಯುವುದು ಹವ್ಯಾಸಕ್ಕೇ ಅವಮಾನ.

ಇಂಥ ಸಮಯದಲ್ಲಿಯೇ ಬ್ರಿಟನ್ನಿನ ಸರ್ಕಾರ, ೨೦೧೮ರ ಮೇ ತಿಂಗಳಿನಿಂದ, ನಲವತ್ತು ವರ್ಷ ದಾಟಿದ, ಹೆಚ್ಚಿನ ಮಾರ್ಪಾಟಾಗದ ಕಾರುಗಳಿಗೆ ವಾರ್ಷಿಕ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು. ಕೊನೆಯ ಎಂಜಿಬಿ ಹೊರಬಂದದ್ದು ೧೯೮೦ರಲ್ಲಿ. ಎಂದರೆ ಈಗ ಆ ಜಾತಿಯ ಬಹುತೇಕ ಎಲ್ಲ ಕಾರುಗಳೂ ಪರೀಕ್ಷೆಯ ಹಂಗಿಲ್ಲದೆ ಓಡಬಹುದು. ಹಳೆಯ ಕಾರುಗಳ ಒಡೆಯರು ಮುತುವರ್ಜಿಯುಳ್ಳವರು, ಅವರು ಓಡಿಸುವುದೂ ಕಡಮೆ ಎಂಬುದು ಇದರ ಪರವಾದ ವಾದ. ಎರಡೂ ನಿಜ. ನನ್ನ ನೆರೆಯವರಷ್ಟು ಮುತುವರ್ಜಿಯ ಮನುಷ್ಯನನ್ನು ನಾನು ಕಂಡಿಲ್ಲ. ದಾರದಂಥ ಗೀರು ಬಿದ್ದರೂ ಅವರಿಗೆ ನಿದ್ದೆ ಬಾರದು. ಆದರೆ ಜಾಕಿ ಒಳಹೊಕ್ಕ ದಿನದವರೆಗೆ ತಾವು ವೃತ್ತಪತ್ರಿಕೆಯ ಮೇಲೆ ಸವಾರಿ ಮಾಡುತ್ತಿದ್ದೇವೆಂಬುದು ಅವರಿಗೆ ಗೊತ್ತಿರಲಿಲ್ಲ. ಕಾನೂನು ಇಂದಿನ ಒಡೆಯನ ಸದ್ಗುಣವನ್ನು ನೋಡಿ ವಿನಾಯಿತಿ ಕೊಡುತ್ತದೆ; ತೇಪೆ ಹಾಕಿದವನು ನಾಲ್ಕು ಕೈ ಹಿಂದಿನವನು. ಕಾರನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಕಾನೂನು ತೆಗೆದುಹಾಕಿಲ್ಲ, ನಿಜ. ಆದರೆ ವರ್ಷಕ್ಕೊಮ್ಮೆ ಕೆಳಗೆ ಮಲಗಿ ತಟ್ಟಿ ನೋಡುತ್ತಿದ್ದ, ಆ ಕಾರಿನ ಮೇಲೆ ಮೋಹವಿಲ್ಲದ ಒಬ್ಬ ಮನುಷ್ಯನನ್ನು ತೆಗೆದುಹಾಕಿದೆ. ಪ್ರತಿ ವರ್ಷ ಬೇಡವಾದರೆ ಎರಡು ವರ್ಷಕ್ಕೊಮ್ಮೆಯಾದರೂ, ಹೊಗೆ ಗಿಗೆಯ ಗೊಡವೆ ಬಿಟ್ಟು ಹೊಸ್ತಿಲು, ಬ್ರೇಕು, ಚಕ್ರದ ಕೀಲುಗಳನ್ನಷ್ಟೇ ಪರೀಕ್ಷಿಸುವ ಏರ್ಪಾಡು ಇದ್ದಿದ್ದರೆ ಯಾರ ಹಬ್ಬವೂ ಕೆಡುತ್ತಿರಲಿಲ್ಲ. ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸುವುದಕ್ಕೆ ಈಗಲೂ ಅಡ್ಡಿಯಿಲ್ಲ; ಶುಲ್ಕ ೫೫ ಪೌಂಡನ್ನು ಮೀರುವುದಿಲ್ಲ. ಒಂದು ಚಕ್ರದ ಟೈರಿಗೂ ಅದಕ್ಕಿಂತ ಹೆಚ್ಚು ಸುರಿಯುವ ಜನ ಇದಕ್ಕೆ ಹಿಂದೆಗೆಯುವುದು ನನಗೆ ಅರ್ಥವಾಗದು.

ಕೊಳ್ಳಹೋಗುವವರಲ್ಲಿ ಬಲ್ಲವರು ಕಿಸೆಯಲ್ಲಿ ಒಂದು ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ಯುತ್ತಾರೆ. ಹೊಸ್ತಿಲಿನ ಮೇಲೆ ಆಡಿಸಿದರೆ ಉಕ್ಕಿರುವ ಕಡೆ ಹಿಡಿಯುತ್ತದೆ, ಪುಟ್ಟಿಯಿರುವ ಕಡೆ ಜಾರಿ ಬೀಳುತ್ತದೆ. ಬಣ್ಣ ಕೆಡುತ್ತದೆಂದು ಮಾರುವವನು ಅಡ್ಡ ಬಂದರೆ, ಅವನು ಕೊಟ್ಟ ಚಹವನ್ನು ಕುಡಿದು ಮುಗಿಸಿ, ನಮಸ್ಕಾರ ಹೇಳಿ ಹೊರಟುಬಿಡುತ್ತಾರೆ.